ಹೆಲ್ಮೆಟ್ ಹಾಕುವ ಮೊದಲೇ ಮುಗಿಯಬೇಕಾದ ಮಾತು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಮಕ್ಕಳ ಕಾರ್ಟ್ (ಪುಟ್ಟ ತೆರೆದ ರೇಸ್ ಗಾಡಿ) ರೇಸಿನಲ್ಲಿ ಯಾರು ಓಡಿಸಬಹುದು, ಯಾರು ಓಡಿಸಬಾರದು ಅಂತ ಅಧಿಕಾರಿಗಳು ಕೊಡುವ ತೀರ್ಪು. ಅದಕ್ಕೇ ಎಂಜಿನ್, ಟೈರುಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟು: ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನನ್ನದೊಂದು ಲೇತ್ ಅಂಗಡಿ ಇತ್ತು. ಅದರ ಜೊತೆಗೇ ಇಪ್ಪತ್ತೆರಡು ವರ್ಷ ರೇಸುಗಳಲ್ಲಿ ಸ್ಕ್ರೂಟಿನಿ ಕೆಲಸ ಮಾಡಿದೆ. ಗಾಡಿ, ಹೆಲ್ಮೆಟ್, ಕಾಗದ ಪತ್ರ, ತೂಕ, ಇವನ್ನು ನೋಡಿ 'ಸರಿ ಇದೆ' ಅಥವಾ 'ಸರಿ ಇಲ್ಲ' ಅಂತ ಬರೆಯುವ ಕೆಲಸ.

ಪ್ರಶ್ನೆ: ಸರ್, ನಮ್ಮದು ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಯೂನಿಟ್. ಮಗನಿಗೆ ಕಾರ್ಟಿಂಗ್ ಅಂದರೆ ಪ್ರಾಣ. ಎರಡು ವರ್ಷದಿಂದ ಭಾನುವಾರ ಭಾನುವಾರ ಬೆಂಗಳೂರಿಗೆ ಕರೆದುಕೊಂಡು ಹೋಗಿ ಪ್ರಾಕ್ಟೀಸ್ ಮಾಡಿಸುತ್ತಿದ್ದೇವೆ. 2025ರ ಜುಲೈನಲ್ಲಿ ಒಂದು ರೇಸಿನ ಜೂನಿಯರ್ ಕ್ಲಾಸಿಗೆ ಎಂಟ್ರಿ ಕೊಟ್ಟೆವು. ದುಡ್ಡು ಕಟ್ಟಿಸಿಕೊಂಡರು, ಸ್ಕ್ರೂಟಿನಿ ಆಯಿತು, ಗಾಡಿಗೆ ಸ್ಟಿಕ್ಕರ್ ಅಂಟಿಸಿದರು. ಮಗ ಮೂರನೆಯವನಾಗಿ ಬಂದ. ಕಪ್ ಕೊಡುವ ಹೊತ್ತಿಗೆ ನಮ್ಮನ್ನು ಕರೆದು, 'ಇವನಿಗೆ ಇನ್ನೂ 12 ತುಂಬಿಲ್ಲ, ಫಲಿತಾಂಶ ರದ್ದು' ಅಂದರು. ಅವನು ಹುಟ್ಟಿದ್ದು 2013ರ ಸೆಪ್ಟೆಂಬರ್ 14. ಒಂದನೇ ಕ್ಲಾಸಿಗೆ ಸೇರಿಸುವಾಗ ವಯಸ್ಸು ಸಾಲದು ಅಂತ ಮೇ 20 ಅಂತ ಬರೆಸಿದ್ದೆವು. ಆಧಾರ್‌ನಲ್ಲೂ ಅದೇ ಇದೆ. ಎಂಟ್ರಿಗೆ ಆಧಾರ್ ಕೊಟ್ಟೆವು, ರೇಸ್ ಲೈಸೆನ್ಸ್ ಮಾಡಿಸುವಾಗ ಜನನ ಪ್ರಮಾಣಪತ್ರ ಕೊಟ್ಟಿದ್ದೆವು. ಇನ್ನೊಂದು ಕಡೆಯ ರೇಸಿನಲ್ಲಿ ಇವನಿಗಿಂತ ಒಂದು ತಿಂಗಳು ಚಿಕ್ಕವನನ್ನು ಇದೇ ಕ್ಲಾಸಿನಲ್ಲಿ ಓಡಿಸಲು ಬಿಟ್ಟಿದ್ದಾರೆ. ಇದು ಅನ್ಯಾಯ ಅಲ್ವಾ? ಅವತ್ತಿನಿಂದ ಮಗ ಹೆಲ್ಮೆಟ್ ಬ್ಯಾಗಿನ ಜಿಪ್ಪು ಕೂಡ ತೆಗೆದಿಲ್ಲ.

ಉತ್ತರ: ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇದ್ದದ್ದು ಇದ್ದ ಹಾಗೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅವರು ಕೊಟ್ಟ ತೀರ್ಪು ತಪ್ಪಿರಲಿಕ್ಕಿಲ್ಲ. ಕೊಟ್ಟ ಹೊತ್ತು ಖಂಡಿತ ತಪ್ಪು. ಬೆಳಿಗ್ಗೆ ಟೇಬಲ್ ಮುಂದೆ ಮುಗಿಯಬೇಕಾದ ಮಾತು ಸಾಯಂಕಾಲ ಕಪ್ಪಿನ ಮುಂದೆ ಬಂತು. ಅದರಲ್ಲಿ ಅಧಿಕಾರಿಗಳ ಪಾಲೂ ಇದೆ, ನಿಮ್ಮ ಪಾಲೂ ಇದೆ. ಮಗನದು ಏನೂ ಇಲ್ಲ. ಇದನ್ನು ಅವನಿಗೆ ಇವತ್ತೇ, ಇದೇ ಮಾತಿನಲ್ಲಿ ಹೇಳಿ.

ಮೊದಲು ಆ ಇನ್ನೊಬ್ಬ ಹುಡುಗನ ವಿಷಯ. ವಯಸ್ಸಿನ ನಿಯಮ ಓದುವಾಗ ಎಲ್ಲರ ಕಣ್ಣೂ 12 ಅನ್ನುವ ಅಂಕಿಯ ಮೇಲೆ ಹೋಗುತ್ತದೆ. ಅದರ ಪಕ್ಕದಲ್ಲಿರುವ ನಾಲ್ಕು ಪದಗಳನ್ನು ಬಿಟ್ಟುಬಿಡುತ್ತಾರೆ. 'ರೇಸಿನ ದಿನಕ್ಕೆ 12 ತುಂಬಿರಬೇಕು' ಅಂತ ಇದ್ದರೆ ಒಂದು ಲೆಕ್ಕ. 'ಈ ವರ್ಷದ ಡಿಸೆಂಬರ್ ಮುಗಿಯುವುದರೊಳಗೆ 12 ತುಂಬಬೇಕು' ಅಂತ ಇದ್ದರೆ ಬೇರೆಯೇ ಲೆಕ್ಕ. ನಿಮ್ಮ ಮಗ ಮೊದಲನೆಯ ಲೆಕ್ಕದಲ್ಲಿ ಹೊರಗೆ, ಎರಡನೆಯದರಲ್ಲಿ ಒಳಗೆ. ಆ ಹುಡುಗನನ್ನು ಬಿಟ್ಟ ಕಡೆ ಎರಡನೆಯ ಲೆಕ್ಕ ಇದ್ದಿರಬೇಕು. ಶಾಲಾ ಕ್ರೀಡಾಕೂಟಕ್ಕೆ ಮಕ್ಕಳನ್ನು ಕಳಿಸಿದವರಿಗೆ ಇದು ಗೊತ್ತು. ರಾಷ್ಟ್ರಮಟ್ಟದ ಶಾಲಾ ಕ್ರೀಡೆಯಲ್ಲಿ 14ರ ಒಳಗಿನವರು, 17ರ ಒಳಗಿನವರು ಅಂತ ವಿಂಗಡಿಸುವುದು ಡಿಸೆಂಬರ್ 31ರ ವಯಸ್ಸು ನೋಡಿ.

ದೇಶ ಬದಲಾದರೂ ಲೆಕ್ಕ ಬದಲಾಗುತ್ತದೆ. ಮುಂದೆ ಫಾರ್ಮುಲಾ 1 ಚಾಂಪಿಯನ್ ಆದ ಮೈಕೆಲ್ ಶೂಮಾಕರ್ ಹುಡುಗರಾಗಿದ್ದಾಗ ಜರ್ಮನಿಯಲ್ಲಿ ಕಾರ್ಟ್ ಲೈಸೆನ್ಸ್ ಬೇಕಾದರೆ 14 ಆಗಿರಬೇಕಿತ್ತು. ಅವರು 12ನೇ ವಯಸ್ಸಿಗೇ ಪಕ್ಕದ ಲಕ್ಸೆಂಬರ್ಗ್‌ನಿಂದ ಲೈಸೆನ್ಸ್ ಪಡೆದರು. ಇದ್ದ ವಯಸ್ಸಿಗೆ ಎಲ್ಲಿ ಜಾಗ ಇದೆಯೋ ಅಲ್ಲಿಗೆ ಹೋದರು. ನಿಯಮದ ಪುಸ್ತಕ ವರ್ಷ ವರ್ಷವೂ ಬದಲಾಗುತ್ತದೆ ಅನ್ನುವುದನ್ನೂ ನೆನಪಿಡಿ. 2015ರಲ್ಲಿ ಮ್ಯಾಕ್ಸ್ ವರ್‌ಸ್ಟಾಪನ್ 17ನೇ ವಯಸ್ಸಿಗೆ ಫಾರ್ಮುಲಾ 1 ಓಡಿಸಿದ ಮೇಲೆ, 2016ರಿಂದ 18 ಆಗಿರಲೇಬೇಕು ಅಂತ ಮಾಡಿದರು. ಹೋದ ವರ್ಷದ ಪುಸ್ತಕ ಇಟ್ಟುಕೊಂಡು ಈ ವರ್ಷ ವಾದ ಮಾಡಲು ಆಗುವುದಿಲ್ಲ.

'ಎರಡು ತಿಂಗಳು ಕಮ್ಮಿ ಆದರೆ ಏನಾಯಿತು' ಅಂತ ನಿಮಗೆ ಅನಿಸಿರಬಹುದು. ಕಾರ್ಟ್‌ಗೆ ಸೀಟ್ ಬೆಲ್ಟ್ ಇಲ್ಲ. ಸಸ್ಪೆನ್ಷನ್ ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್‌ಗೆ ಕಚ್ಚಿಕೊಂಡಿರುತ್ತವೆ. ನೆಲದಿಂದ ಎರಡು ಮೂರು ಬೆರಳು ಮೇಲೆ ಕೂತ ಮಗು, ಜೂನಿಯರ್ ಗಾಡಿಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ದಾಟುತ್ತದೆ. ತಿರುವಿನಲ್ಲಿ ತಲೆ ಪಕ್ಕಕ್ಕೆ ಎಳೆಯುವಾಗ ಹೆಲ್ಮೆಟ್ಟಿನ ಭಾರವನ್ನೂ ಸೇರಿಸಿ ಆ ಎಳೆ ಕುತ್ತಿಗೆಯೇ ತಡೆಯಬೇಕು. ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆ ಮತ್ತು ಮೋಟಾರ್ ರೇಸುಗಳ ವಿಶ್ವ ಸಂಸ್ಥೆ ಎಫ್ಐಎ ಸೇರಿ 2007ರಲ್ಲಿ ಮಕ್ಕಳಿಗೇ ಅಂತ ಹಗುರ ಹೆಲ್ಮೆಟ್ಟಿನ ಗುಣಮಟ್ಟ ತಂದದ್ದು ಇದಕ್ಕೇ. ಕೆಳಗಿನ ವಯಸ್ಸಿನ ಮಿತಿ ಇರುವುದೂ ಇದಕ್ಕೇ. ಅದು ಮಗುವಿನ ಮೈ ಕಾಯುವ ಗೆರೆ. ಹಾಗಾಗಿ 'ಇರಲಿ ಬಿಡಿ' ಅನ್ನುವ ಅಧಿಕಾರಿಯನ್ನು ನಾನು ಒಪ್ಪುವುದಿಲ್ಲ.

ಈಗ ನಿಮ್ಮ ಪಾಲಿಗೆ ಬರೋಣ. ಒಂದು ಮಗುವಿಗೆ ಎರಡು ಹುಟ್ಟಿದ ತಾರೀಖು. ನೀವು ಮೋಸ ಮಾಡಬೇಕು ಅಂತ ಮಾಡಿದ್ದಲ್ಲ, ನಮ್ಮ ಕಡೆ ಇದು ಮನೆಮನೆಯ ಕಥೆ. ನನ್ನ ಶಾಲೆ ದಾಖಲೆಯಲ್ಲಿ ಜೂನ್ 1 ಅಂತ ಇದೆ. ನಮ್ಮ ಹೆಡ್‌ಮೇಷ್ಟರು ಆ ವರ್ಷ ಸೇರಿದ ಎಷ್ಟೋ ಹುಡುಗರಿಗೆ ಅದೇ ತಾರೀಖು ಬರೆದಿದ್ದರು. ನಮ್ಮಮ್ಮ ಹೇಳುತ್ತಿದ್ದುದು, ನಾನು ಹುಟ್ಟಿದ್ದು ಸಂಕ್ರಾಂತಿ ಆದ ವಾರಕ್ಕೆ, ಅವರೆಕಾಯಿ ಸುಗ್ಗಿಯಲ್ಲಿ. ನನ್ನ ಕಾಲಕ್ಕೆ ಅದರಿಂದ ಯಾರಿಗೂ ನಷ್ಟ ಆಗಲಿಲ್ಲ. ನಿಮ್ಮ ಮಗನಿಗೆ ಆಯಿತು. ಅವನು ರೇಸ್ ಬಿಟ್ಟು ಕ್ರಿಕೆಟ್ಟಿಗೆ ಹೋದರೂ ಇದು ಬೆನ್ನು ಬಿಡುವುದಿಲ್ಲ. ಅಲ್ಲಿ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆ ನೋಡಿ ವಯಸ್ಸು ಲೆಕ್ಕ ಹಾಕುತ್ತಾರೆ.

ಅಧಿಕಾರಿಗಳ ಪಾಲು ಇನ್ನೂ ದೊಡ್ಡದು. ಎಂಟ್ರಿಯಲ್ಲಿ ಮೇ 20, ಲೈಸೆನ್ಸಿನಲ್ಲಿ ಸೆಪ್ಟೆಂಬರ್ 14. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರೆ ಅರ್ಧ ನಿಮಿಷದ ಕೆಲಸ. ನಾನು ಮಾಡುತ್ತಿದ್ದುದು ಹೀಗೆ: ಲೈಸೆನ್ಸ್ ಎಡಗಡೆ, ಫಾರಂ ಬಲಗಡೆ, ಎರಡೂ ಕಡೆ ತಾರೀಖಿನ ಮೇಲೆ ಬೆರಳು. ಮಗು ಎದುರಿಗಿದ್ದರೆ ಅದರ ಕೈಲೇ ಓದಿಸುತ್ತಿದ್ದೆ. ಒಂದು ಸಲ ಕುಣಿಗಲ್ ಕಡೆಯ ಹುಡುಗನೊಬ್ಬ ಫಾರಂ ನೋಡಿ, 'ಇದಲ್ಲ ಅಂಕಲ್, ನನ್ನ ಬರ್ತ್‌ಡೇ ದೀಪಾವಳಿ ಹೊತ್ತಿಗೆ ಬರೋದು' ಅಂದುಬಿಟ್ಟ. ಅವರ ತಂದೆ ನೆಲ ನೋಡಿದರು. ನಾನು ಏನೂ ಅನ್ನಲಿಲ್ಲ. ಆ ಹುಡುಗನನ್ನು ಕೆಳಗಿನ ಕ್ಲಾಸಿಗೆ ಬದಲಾಯಿಸಲು ಕ್ಲರ್ಕ್ ಆಫ್ ದಿ ಕೋರ್ಸ್, ಅಂದರೆ ರೇಸ್ ನಡೆಸುವ ಮುಖ್ಯ ಅಧಿಕಾರಿ, ಅವರ ಹತ್ತಿರ ಕೇಳಿದೆವು, ಅವರು ಒಪ್ಪಿದರು. ಅವತ್ತೇ ಓಡಿಸಿದ, ಆರನೆಯವನಾಗಿ ಬಂದ, ಕುಣಿದಾಡಿಕೊಂಡು ಮನೆಗೆ ಹೋದ. ಬೆಳಿಗ್ಗೆ ಎಂಟು ಗಂಟೆಗೆ ಸಿಕ್ಕಿದ ತಪ್ಪಿಗೆ ದಾರಿ ಇರುತ್ತದೆ. ಸಾಯಂಕಾಲ ಐದಕ್ಕೆ ಸಿಕ್ಕಿದರೆ ರದ್ದು ಮಾಡುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಅವತ್ತು ನೀವು ಏನು ಮಾಡಬಹುದಿತ್ತು? ಸ್ಕ್ರೂಟಿನಿಯವರು ಹೇಳುವುದು ವರದಿ ಮಾತ್ರ, ತೀರ್ಪು ಸ್ಟೀವರ್ಡ್‌ಗಳದ್ದು, ಅಂದರೆ ರೇಸಿನ ತೀರ್ಪುಗಾರರದ್ದು. ಅದನ್ನು ಬರಹದಲ್ಲಿ ಕೇಳಬೇಕಿತ್ತು. ಎಷ್ಟು ಗಂಟೆಗೆ, ಯಾವ ನಿಯಮದ ಮೇಲೆ ಅನ್ನುವುದು ಅದರಲ್ಲಿ ಇರಬೇಕು. ಎಫ್ಐಎ ಅವರ ಇಂಟರ್‌ನ್ಯಾಷನಲ್ ಸ್ಪೋರ್ಟಿಂಗ್ ಕೋಡ್‌ನಲ್ಲಿ ಹೊತ್ತು ಗೊತ್ತು ಮಾಡಿದ್ದಾರೆ. ಯಾರದೋ ಎಂಟ್ರಿ ಸರಿಯಿಲ್ಲ ಅನ್ನುವ ಪ್ರೊಟೆಸ್ಟ್ (ಬರಹದ ತಕರಾರು) ಸ್ಕ್ರೂಟಿನಿ ಮುಗಿದ ಎರಡು ಗಂಟೆಯೊಳಗೆ ಬರಬೇಕು. ಫಲಿತಾಂಶದ ಮೇಲಿನ ಪ್ರೊಟೆಸ್ಟ್, ಪಟ್ಟಿ ಹೊರಬಿದ್ದ ಅರ್ಧ ಗಂಟೆಯೊಳಗೆ. ಸ್ಟೀವರ್ಡ್ ತೀರ್ಪಿನ ಮೇಲೆ ಅಪೀಲು ಹೋಗುತ್ತೇವೆ ಅಂತ ಬರೆದುಕೊಡಲು ಒಂದು ಗಂಟೆ. ಎಲ್ಲವೂ ಕಾಗದದ ಮೇಲೆ, ಶುಲ್ಕ ಕಟ್ಟಿ. ಹಾಗಾಗಿ ನಿಮ್ಮ ಮಗನ ಮೇಲೆ ಬೇರೆ ಪೋಷಕರು ರೇಸ್ ಆದ ಮೇಲೆ ದೂರು ಕೊಟ್ಟಿದ್ದರೆ, 'ಇದು ಎಷ್ಟು ಗಂಟೆಗೆ ಬಂತು?' ಅಂತ ಕೇಳುವ ಹಕ್ಕು ನಿಮಗಿತ್ತು. ಸ್ಟೀವರ್ಡ್‌ಗಳು ತಾವಾಗಿಯೇ ಕೈಗೆತ್ತಿಕೊಂಡಿದ್ದರೆ ಆ ಮಾತು ಬೇರೆ. ಗಾಡಿ ಸಜ್ಜು ಮಾಡುವ ಜಾಗದಲ್ಲಿ, ಪಿಟ್‌ನಲ್ಲಿ, ನಿಂತು ಎಷ್ಟು ಜೋರಾಗಿ ಕೂಗಿದರೂ ಅದು ಪ್ರೊಟೆಸ್ಟ್ ಆಗುವುದಿಲ್ಲ.

ಆ ಒಂದು ಗಂಟೆ ಕಳೆದುಹೋಗಿದೆ. ಈಗ ಮೂರನೆಯ ಸ್ಥಾನದ ಹಿಂದೆ ಓಡಬೇಡಿ. ತಾರೀಖು ಸರಿ ಮಾಡಿಸಿ. ಜನನ ಪ್ರಮಾಣಪತ್ರವೇ ನಿಮ್ಮ ಬೇರು, ಮಿಕ್ಕದ್ದೆಲ್ಲ ಅದಕ್ಕೆ ಹೊಂದಬೇಕು. ಆಧಾರ್‌ನಲ್ಲಿ ಹುಟ್ಟಿದ ತಾರೀಖು ಬದಲಾಯಿಸಲು ಒಂದೇ ಸಲ ಬಿಡುತ್ತಾರೆ, ಅದಕ್ಕೇ ಅಕ್ಷರ ಅಕ್ಷರ ನೋಡಿ ಕೊಡಿ. ಶಾಲೆ ದಾಖಲೆಯನ್ನು ಎಸ್ಎಸ್ಎಲ್‌ಸಿ ಅಂಕಪಟ್ಟಿ ಬರುವ ಮೊದಲೇ ಸರಿಪಡಿಸಿ, ಆಮೇಲೆ ತುಂಬ ಕಷ್ಟ. ಮುಂದಿನ ಎಂಟ್ರಿ ಫಾರಂ ತುಂಬುವಾಗ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾರೀಖನ್ನು ಅವನ ಕೈಲೇ ಬರೆಸಿ.

ಪ್ರಶ್ನೆ: ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ನನ್ನದು. ಮಗಳು ಎರಡನೆಯವಳಾಗಿ ಬಂದಳು. ರೇಸ್ ಮುಗಿದು ತೂಕ ಹಾಕಿದರೆ 400 ಗ್ರಾಂ ಕಮ್ಮಿ, ಡಿಸ್‌ಕ್ವಾಲಿಫೈ ಅಂದರು. ಬೆಳಿಗ್ಗೆ ಅದೇ ಮಿಷನ್ನಿನಲ್ಲಿ ಸರಿಯಾಗಿ ಇತ್ತು. ಇನ್ನೊಂದು ಸಲ ಹಾಕಿ ಅಂದರೂ ಹಾಕಲಿಲ್ಲ. 400 ಗ್ರಾಂನಿಂದ ಯಾರಿಗೆ ಏನು ಲಾಭ ಸ್ವಾಮಿ?

ಉತ್ತರ: ಎಪಿಎಂಸಿಯಲ್ಲಿ ದಿನಾ ತಕ್ಕಡಿ ಮುಂದೆ ನಿಲ್ಲುವವರು ನೀವು, ನಿಮಗೆ ಈ ಲೆಕ್ಕ ಬೇಗ ಹತ್ತುತ್ತದೆ. ಕಾರ್ಟಿಂಗ್‌ನಲ್ಲಿ ನೋಡುವುದು ಮಗು ಮತ್ತು ಗಾಡಿ ಸೇರಿದ ಒಟ್ಟು ತೂಕ. ಹೆಲ್ಮೆಟ್, ಗ್ಲೌಸ್, ಶೂ ಎಲ್ಲ ಸೇರಿ. ಅದು ಗೊತ್ತು ಮಾಡಿದ ಮಿತಿಗಿಂತ ಕಮ್ಮಿ ಇರಬಾರದು. ಬೆಳಿಗ್ಗೆ ಇದ್ದ ತೂಕ ಮಧ್ಯಾಹ್ನ ಇರುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಸುಮಾರು 750 ಗ್ರಾಂ ತೂಗುತ್ತದೆ. ಅರ್ಧ ಲೀಟರ್ ಉರಿದರೆ ಅಲ್ಲಿಗೇ 375 ಹೋಯಿತು. ರೇಸಿಂಗ್ ಸೂಟಿನೊಳಗೆ ಮಗು ಬೆವರಿದ್ದು, ಟೈರು ಸವೆದದ್ದು ಬೇರೆ. ನಿಮ್ಮ 400 ಗ್ರಾಂ ಎಲ್ಲಿ ಹೋಯಿತು ಅಂತ ಹುಡುಕಬೇಕಾಗಿಲ್ಲ. ಮುಂದಿನ ಸಲ ಮಿತಿಗಿಂತ ಒಂದು ಒಂದೂವರೆ ಕೆಜಿ ಜಾಸ್ತಿ ಇಟ್ಟುಕೊಂಡೇ ಟ್ರ್ಯಾಕಿಗೆ ಇಳಿಸಿ. ಸೀಟಿಗೆ ಸೀಸದ ತಟ್ಟೆ ಬಿಗಿಯುವಾಗ ಅಗಲ ವಾಷರ್ ಹಾಕಿ, ಬೋಲ್ಟಿಗೆ ಎರಡು ನಟ್ಟು ಕೂರಿಸಿ. ಓಡುವಾಗ ಬಿದ್ದರೆ ತೂಕವೂ ಹೋಯಿತು, ಹಿಂದೆ ಬರುವ ಮಗುವಿಗೂ ಅಪಾಯ.

ಲಾಭ ಏನು ಅಂದಿರಿ. 400ಕ್ಕೆ ದೊಡ್ಡ ಲಾಭ ಇಲ್ಲ, ನಿಜ. ಆದರೆ ನಿಮಗೆ 400 ಬಿಟ್ಟರೆ ನಾಳೆ ಬರುವವರು 500 ಕೇಳುತ್ತಾರೆ. ಅವರಿಗೆ ಏನು ಹೇಳುವುದು?

ಆದರೆ ಇನ್ನೊಂದು ಸಲ ತೂಕ ಹಾಕಲಿಲ್ಲ ಅಂದಿರಲ್ಲ, ಅದು ನನಗೆ ಸ್ವಲ್ಪವೂ ಸರಿ ಕಾಣಲಿಲ್ಲ. ಯಾಕೆ ಅಂತ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಒಬ್ಬ ಹುಡುಗ 300 ಗ್ರಾಂ ಕಮ್ಮಿ ಬಂದ. ನಾನು ಹಾಳೆಯಲ್ಲಿ ಕಮ್ಮಿ ಅಂತ ಬರೆದೂ ಬಿಟ್ಟೆ. ಅವನು ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ಅಲ್ಲೇ ನಿಂತ, ಅಳು ತಡೆದುಕೊಂಡು. ಮುಂದಿನ ಗಾಡಿಯೂ ಕಮ್ಮಿ ಬಂತು. ಅದರ ಮುಂದಿನದೂ ಕಮ್ಮಿ. ಆಗ ಬಗ್ಗಿ ನೋಡಿದೆ. ಮಿಷನ್ನಿನ ತಟ್ಟೆಗೂ ಕೆಳಗಿನ ಚೌಕಟ್ಟಿಗೂ ನಡುವೆ ಒಂದು ಜಲ್ಲಿಕಲ್ಲು ಸಿಕ್ಕಿಕೊಂಡಿತ್ತು. ಗಾಡಿಯ ಭಾರದಲ್ಲಿ ಸ್ವಲ್ಪ ಆ ಕಲ್ಲಿನ ಮೇಲೆ ಹೋಗುತ್ತಿತ್ತು, ಅಷ್ಟು ಮಿಷನ್ನಿಗೆ ಗೊತ್ತೇ ಆಗುತ್ತಿರಲಿಲ್ಲ. ಕಲ್ಲು ತೆಗೆದು ಮತ್ತೆ ಹಾಕಿದರೆ ಆ ಹುಡುಗ ಮಿತಿಗಿಂತ 200 ಗ್ರಾಂ ಮೇಲೆಯೇ ಇದ್ದ. ಹಾಳೆ ತಿದ್ದಿದೆ, ಅವನ ಮುಂದೆ ಮಂಡಿಯೂರಿ ತಪ್ಪಾಯಿತು ಅಂದೆ. ಅವನು ನಿಂತಿದ್ದ ಆ ಹತ್ತು ನಿಮಿಷವನ್ನು ಮಾತ್ರ ನನ್ನ ಕೈಲಿ ವಾಪಸ್ ಕೊಡಲು ಆಗಲಿಲ್ಲ.

ಅವತ್ತಿನಿಂದ ಮುದ್ರೆ ಒತ್ತಿಸಿದ 20 ಕೆಜಿಯ ಎರಡು ಬಟ್ಟು ಜೊತೆಗೆ ಒಯ್ಯುತ್ತಿದ್ದೆ. ಯಾವ ಮಗು ಕಮ್ಮಿ ಬಂದರೂ ಮೊದಲು ಬಟ್ಟು ಇಟ್ಟು ಮಿಷನ್ ನೋಡುವುದು, ಆಮೇಲೆ ಮಗುವಿನ ತೂಕ ಇನ್ನೊಂದು ಸಲ, ಮನೆಯವರ ಎದುರಿಗೇ. ಎರಡು ಸಲವೂ ಒಂದೇ ಬಂದರೆ ಮಾತ್ರ ಬರೆಯುವುದು. ನೀವೂ ಅಲ್ಲೇ, ರೇಸ್ ಆದ ಮೇಲೆ ಯಾರೂ ಮುಟ್ಟದ ಹಾಗೆ ಗಾಡಿ ನಿಲ್ಲಿಸಿಡುವ ಪಾರ್ಕ್ ಫರ್ಮೆಯಿಂದ ಅದು ಹೊರಗೆ ಬರುವ ಮೊದಲೇ ಬರೆದುಕೊಟ್ಟು ಕೇಳಬೇಕು. ಗಾಡಿ ಒಂದು ಸಲ ಹೊರಗೆ ಬಂದರೆ ಯಾರೂ ಮತ್ತೆ ಹಾಕುವುದಿಲ್ಲ. ಹಾಕಲೂ ಬಾರದು, ಅಷ್ಟರಲ್ಲಿ ಏನು ಬೇಕಾದರೂ ಸೇರಿಸಿರಬಹುದು.

ಪ್ರಶ್ನೆ: ತೀರ್ಪು ತಪ್ಪು ಅನಿಸಿ ನಾನು ಅಧಿಕಾರಿಗೆ ನಾಲ್ಕು ಮಾತು ಅಂದೆ. ಅದಕ್ಕೆ ಮಗನಿಗೆ ದಂಡನೆ ಹಾಕಿದ್ದಾರೆ. ಅಪ್ಪ ಬೈದರೆ ಮಗ ಏನು ಮಾಡಿದ? — ಒಬ್ಬ ತಂದೆ, ಮಾಲೂರು

ಉತ್ತರ: ನಿಯಮ ಹಾಗೇ ಇದೆ. ಎಂಟ್ರಿ ಕೊಟ್ಟವರು ಅಂದರೆ ಒಂದು ತಂಡ ಇದ್ದ ಹಾಗೆ. ಓಡಿಸುವ ಮಗು, ಮೆಕ್ಯಾನಿಕ್, ಜೊತೆಗೆ ಬಂದವರು, ಎಲ್ಲರ ನಡತೆಗೂ ಆ ಎಂಟ್ರಿಯೇ ಹೊಣೆ. ಒಳ್ಳೆಯ ನಿಯಮ ಅಂತ ನನ್ನ ಅಭಿಪ್ರಾಯ. ನಿಮ್ಮ ವಾದ ಸರಿಯಾಗಿಯೇ ಇರಬಹುದು. ಬೈದ ಮೇಲೆ ಸ್ಟೀವರ್ಡ್‌ಗಳ ಮುಂದೆ ಇರುವುದು ಬೈಗುಳ ಮಾತ್ರ, ವಾದ ಇರುವುದಿಲ್ಲ. ಕೋಪ ಬಂದರೆ ಪೆನ್ನು ತೆಗೆಯಿರಿ. ಕಮ್ಮಿ ಅಂದರೂ ಅರ್ಧ ಗಂಟೆ ಇರುತ್ತದೆ, ಬರೆಯಲು ಹತ್ತು ನಿಮಿಷ ಸಾಕು.

ಪ್ರಶ್ನೆ: ಅಂಕಲ್, ನನಗೆ 12 ವರ್ಷ, ಗೌರಿಬಿದನೂರು. ನನ್ನ ಫ್ರೆಂಡ್ ನನ್ನ ಕ್ಲಾಸಿನಲ್ಲೇ ಓಡಿಸುತ್ತಿದ್ದ. ಅವನಿಗೆ ವಯಸ್ಸು ಜಾಸ್ತಿ ಆಗಿದೆ ಅಂತ ನಮ್ಮಪ್ಪ ಪ್ರೊಟೆಸ್ಟ್ ಕೊಟ್ಟರು. ಅವನನ್ನು ಮೇಲಿನ ಕ್ಲಾಸಿಗೆ ಹಾಕಿದರು. ನನಗೆ ಅವನ ಕಪ್ ಬಂತು. ಈಗ ಅವನು ನನ್ನ ಹತ್ತಿರ ಮಾತಾಡುವುದಿಲ್ಲ. ನಾನು ಕಪ್ ವಾಪಸ್ ಕೊಡಬೇಕಾ?

ಉತ್ತರ: ಬೇಡ ಪುಟ್ಟಿ. ಕಪ್ ನಿನ್ನದೇ. ನೀನು ಓಡಿಸಿದ್ದು ನಿಜ, ಆ ಕ್ಲಾಸಿನಲ್ಲಿ ನಿನ್ನ ಜಾಗ ಅದೇ. ನಿಮ್ಮಪ್ಪನೂ ತಪ್ಪು ಮಾಡಿಲ್ಲ. ಬರೆದು, ಶುಲ್ಕ ಕಟ್ಟಿ, ಹೊತ್ತಿನೊಳಗೆ ಕೊಟ್ಟಿದ್ದಾರೆ. ಅವರು ತಕರಾರು ಮಾಡಿದ್ದು ಒಂದು ತಾರೀಖಿನ ಮೇಲೆ. ಆದರೆ ನಿನ್ನ ಫ್ರೆಂಡ್‌ಗೆ ಅದು ತಾರೀಖಿನ ಹಾಗೆ ಕಾಣುತ್ತಿಲ್ಲ, ನಿಮ್ಮ ಮನೆಯವರ ಹಾಗೆ ಕಾಣುತ್ತಿದೆ. ಅವನ ಫಾರಂ ತುಂಬಿದ್ದು ಅವನಲ್ಲ, ಅವರ ಮನೆಯ ದೊಡ್ಡವರು. ಹಾಗಾಗಿ ಅವನಿಗೆ ಡಬಲ್ ಬೇಜಾರು ಆಗಿರುತ್ತದೆ.

ನಿಮ್ಮಪ್ಪನಿಗೆ ಈ ಪುಟ ಓದಿಸು. ಅವರು ಹೋಗಿ ಅವನ ತಂದೆಯನ್ನು ಮಾತಾಡಿಸಲಿ, ಅದು ದೊಡ್ಡವರ ಕೆಲಸ. ನಿನ್ನ ಕೆಲಸ ಬೇರೆ. ಮುಂದಿನ ಭಾನುವಾರ ಅವನು ಮೇಲಿನ ಕ್ಲಾಸಿನ ಗಾಡಿಯಲ್ಲಿ ಮೊದಲನೆಯ ಸಲ ಕೂರುತ್ತಾನೆ. ಪೆಡಲ್ ಹಿಂದೆ ಮುಂದೆ ಮಾಡಬೇಕು, ಸೀಟು ಕಳಚಿ ಕೂರಿಸಬೇಕು, ಒಬ್ಬರು ಹಿಡಿದುಕೊಂಡರೆ ಇನ್ನೊಬ್ಬರು ಬಿಗಿಯಬೇಕು. ನಿಮ್ಮ ಟೂಲ್ ಬಾಕ್ಸಿನಲ್ಲಿ 10ರ ಸ್ಪ್ಯಾನರ್, 13ರ ಸ್ಪ್ಯಾನರ್ ಇರುತ್ತದಲ್ವಾ? ಎರಡನ್ನೂ ತೆಗೆದುಕೊಂಡು ಅವನ ಪಿಟ್‌ಗೆ ಹೋಗು.